ಅಂಗಡಿಯ ಜಾಲತಾಣ ಮತ್ತು ಕನ್ನಡ ಅಕ್ಷರದ ಸಂಕೇತ: ಒಂದು ಟಿಪ್ಪಣಿ

ಸಣ್ಣ ವ್ಯಾಪಾರದ ಜಾಲತಾಣ ಹೇಗಿರಬೇಕು ಎಂಬ ಬಗ್ಗೆ ಎರಡು ದಿಕ್ಕಿನಿಂದ ಸಲಹೆ ಬರುತ್ತದೆ. ಗೂಗಲ್‌ನಲ್ಲಿ ಮೇಲೆ ಕಾಣಿಸಿಕೊಳ್ಳುವುದು ಹೇಗೆ ಎಂಬುದು ಒಂದು. ಅದನ್ನು ಮಾರುವವರು ಬೇಕಾದಷ್ಟಿದ್ದಾರೆ. ಕಣ್ಣು ಕಾಣದವರಿಗೆ, ಮೌಸ್ ಹಿಡಿಯಲಾಗದವರಿಗೆ ತಾಣ ಎಟುಕುವುದು ಹೇಗೆ ಎಂಬುದು ಇನ್ನೊಂದು. ಅದನ್ನು ಕೇಳುವವರೇ ಕಡಿಮೆ. ಎರಡೂ ಶಾಸ್ತ್ರಗಳು ಇಂಗ್ಲಿಷ್ ಪುಟಗಳನ್ನು ಮುಂದಿಟ್ಟುಕೊಂಡು ಬೆಳೆದವು. ಅವನ್ನು ಕನ್ನಡದ ಅಂಗಡಿ ಪುಟಕ್ಕೆ ಅನ್ವಯಿಸಲು ಹೊರಟರೆ ಎರಡಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದು ಎದುರಾಗುತ್ತದೆ: ಪರದೆಯ ಮೇಲೆ ಕಾಣುವ ಕನ್ನಡ ಅಕ್ಷರ ಗಣಕದ ಒಳಗೂ ಅದೇ ಅಕ್ಷರವೇ? ಈ ಟಿಪ್ಪಣಿಯ ಮುಖ್ಯ ವಿಷಯ ಅದು. ಮಾತು ಗಾಳಿಯಲ್ಲಿ ತೇಲದಿರಲೆಂದು ಹುಬ್ಬಳ್ಳಿಯ ಒಂದು ಖಾನಾವಳಿಯನ್ನು ಊಹಿಸಿಕೊಂಡಿದ್ದೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಫೋನ್ ನಂಬರು, ಒಂದು ವಿಳಾಸ. ಅದರ ಜಾಲತಾಣದಲ್ಲಿ ಇರಬೇಕಾದದ್ದು ಇಷ್ಟೇ.

ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ಮತ್ತು ಹುಡುಕುಯಂತ್ರ ಕಳಿಸುವ ತೆವಳುತಂತ್ರಾಂಶ, ಇವೆರಡೂ ಪುಟವನ್ನು ಓದುವ ಬಗೆಯಲ್ಲಿ ಹತ್ತಿರದ ಸಂಬಂಧಿಗಳು. ಮೊದಲನೆಯದಕ್ಕೆ ಎನ್‌ವಿಡಿಎ ಒಳ್ಳೆಯ ಉದಾಹರಣೆ: ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಉಚಿತ ತಂತ್ರಾಂಶ, ಜೊತೆಗೆ ಬರುವ ಇ-ಸ್ಪೀಕ್ ಧ್ವನಿಗಳಲ್ಲಿ ಕನ್ನಡವೂ ಇದೆ. ಅದು ಪರದೆಯ ಬಣ್ಣ, ಚಿತ್ರ, ಅಲಂಕಾರಗಳನ್ನು ದಾಟಿ ಅಡಿಯಲ್ಲಿರುವ ಪಠ್ಯವನ್ನು ಎತ್ತಿಕೊಂಡು ಓದುತ್ತದೆ. ಹುಡುಕುಯಂತ್ರದ ಮುಖ್ಯ ಆಹಾರವೂ ಅದೇ ಪಠ್ಯ. ಖಾನಾವಳಿಯ ಊಟದ ಪಟ್ಟಿ ಒಂದು ಫೋಟೊ ಆಗಿ ಏರಿದ್ದರೆ, ಅದರಲ್ಲಿರುವುದನ್ನು ಮಾತಿನಲ್ಲಿ ಹೇಳುವ ಪರ್ಯಾಯ ಪಠ್ಯ ಇಲ್ಲದಿದ್ದರೆ, ಮೊದಲನೆಯದು ಕಡತದ ಹೆಸರನ್ನು ಓದೀತು ಇಲ್ಲವೇ ಮೌನವಾಗಿ ಮುಂದೆ ಹೋದೀತು. ಎರಡನೆಯದಕ್ಕೆ ಎಣ್ಣೆಗಾಯಿ ಸಿಗುತ್ತದೆಂಬ ಭರವಸೆಯ ಸಾಕ್ಷ್ಯ ಸಿಗುವುದಿಲ್ಲ. ಚಿತ್ರದೊಳಗಿನ ಅಕ್ಷರ ಗುರುತಿಸುವ ತಂತ್ರಗಳು ಸುಧಾರಿಸಿವೆ, ನಿಜ. ಬಣ್ಣದ ಹಿನ್ನೆಲೆಯ ಮೇಲೆ ನೆರಳು ಹಾಕಿ ಬಾಗಿಸಿ ಬರೆದ ಕನ್ನಡ ಒತ್ತಕ್ಷರಗಳ ಮುಂದೆ ಅವನ್ನು ನೆಚ್ಚಿಕೊಂಡು ವ್ಯಾಪಾರ ಮಾಡಲಾಗದು.

ಚಿತ್ರವಾಗಿ ಏರುವುದೇಕೆ? ಇದಕ್ಕೆ ಇತಿಹಾಸವಿದೆ. ಕರಪತ್ರ, ದರಪಟ್ಟಿ, ಬೋರ್ಡು ಎಲ್ಲವೂ ಡಿಟಿಪಿ ಅಂಗಡಿಯಲ್ಲಿ ತಯಾರಾಗುತ್ತವೆ. ಅಲ್ಲಿ ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರವಿನ್ಯಾಸಗಳು ಇನ್ನೂ ಆಳುತ್ತಿವೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತುಮಾಡುವ ಜಾಗತಿಕ ಸಂಕೇತ ವ್ಯವಸ್ಥೆ ಯೂನಿಕೋಡ್; ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ದಶಮಾನದಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ 128 ಸ್ಥಾನಗಳು ನಮ್ಮವು. ಆದರೆ ಗಣಕಗಳಲ್ಲಿ ಅದಕ್ಕೆ ತಕ್ಕ ಬೆಂಬಲ ಬರುವ ಹೊತ್ತಿಗೆ ಮುದ್ರಣ ಲೋಕ ಬೇರೆ ದಾರಿ ಹಿಡಿದಾಗಿತ್ತು: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವ ದಾರಿ. ನುಡಿಯ ಹಳೆಯ ವಿನ್ಯಾಸದಲ್ಲಿ ‘ಕ’ ಎಂದು ಕಾಣುವುದು ಒಳಗಡೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ಅದರ ಪಕ್ಕ ತಲೆಯ ಮೇಲೆ ಗೀಟಿರುವ ಒಂದು ‘ಎ’. ಅಂಥ ಕಡತದಿಂದ ಪಠ್ಯ ನಕಲು ಮಾಡಿ ಜಾಲತಾಣಕ್ಕೆ ಅಂಟಿಸಿದರೆ ಬರುವುದು ಯಾವ ಭಾಷೆಗೂ ಸೇರದ ಇಂಗ್ಲಿಷ್ ಅಕ್ಷರಗಳ ಗೊಂಚಲು. ಅದನ್ನು ಕಂಡು ಗಾಬರಿಯಾದ ಆಪರೇಟರ್ ಕಂಡುಕೊಂಡ ಸುಲಭ ಪರಿಹಾರವೇ ಪುಟವನ್ನು ಚಿತ್ರವಾಗಿ ಉಳಿಸುವುದು. ಹಾಗಾಗಿ ಚಿತ್ರದ ಊಟದ ಪಟ್ಟಿಯನ್ನು ಸೋಮಾರಿತನದ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅವುಗಳ ಕಷ್ಟ ಅರ್ಕಾವತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ಮುದ್ರಣದ ವಿನ್ಯಾಸದಲ್ಲಿ ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸುತ್ತಾರೆ: ‘ಧರ್ಮ’ದಲ್ಲಿ ಮೊದಲು ‘ಧ’, ಆಮೇಲೆ ‘ಮ’, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ‘ಮ’ಕ್ಕಿಂತ ಮೊದಲು ‘ರ’, ನಡುವೆ ಹಲಂತ. ಪರಿವರ್ತಕ ಅರ್ಕಾವತ್ತನ್ನು ಹಿಡಿದು ಸರಿಯಾದ ವ್ಯಂಜನದ ಹಿಂದಕ್ಕೆ ಒಯ್ಯಬೇಕು. ಆ ವ್ಯಂಜನಕ್ಕೆ ಇನ್ನೊಂದು ಒತ್ತು, ಮೇಲೊಂದು ಸ್ವರ ಇದ್ದರೆ ಎಡವಲು ಜಾಗ ಹೆಚ್ಚು.

ಇಲ್ಲಿಂದ ಮುಂದಿನದು ಇನ್ನೂ ಸೂಕ್ಷ್ಮ. ಪುಟ ಯೂನಿಕೋಡ್‌ನಲ್ಲೇ ಇದ್ದು, ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡು, ಒಳಗೆ ಕೆಟ್ಟಿರುವ ಸ್ಥಿತಿ. ‘ಬೆ೦ಗಳೂರು’, ‘ಕನಾ೯ಟಕ’ ಎಂಬ ಎರಡು ಪದಗಳನ್ನು ಓದುಗರು ಒಂದು ಕ್ಷಣ ದಿಟ್ಟಿಸಿ ನೋಡಬೇಕು. ಮೊದಲನೆಯದರಲ್ಲಿ ಅನುಸ್ವಾರದ ಜಾಗದಲ್ಲಿರುವುದು ಕನ್ನಡದ ಸೊನ್ನೆ. ಎರಡನೆಯದರಲ್ಲಿ ಅರ್ಕಾವತ್ತಿನ ಜಾಗದಲ್ಲಿರುವುದು ಕನ್ನಡದ ಒಂಬತ್ತು. ಅನುಸ್ವಾರದ ಸಂಕೇತ 3202, ಸೊನ್ನೆಯದು 3302. ರೂಪದಲ್ಲಿ ಅಣ್ಣತಮ್ಮಂದಿರು, ಸಂಕೇತದಲ್ಲಿ ನೂರು ಮನೆ ದೂರ. ಅರ್ಕಾವತ್ತಿಗಂತೂ ತನ್ನದೇ ಸಂಕೇತವೇ ಇಲ್ಲ, ‘ರ’ ಮತ್ತು ಹಲಂತ ಸೇರಿ ಅದು ಹುಟ್ಟಬೇಕು. ಕೀಲಿಮಣೆಯಲ್ಲಿ ಅದನ್ನು ಹುಡುಕಿ ಸೋತವರು ಅದನ್ನೇ ಹೋಲುವ ೯ರ ಮೊರೆ ಹೋಗುತ್ತಾರೆ. ಕಣ್ಣಿದ್ದವರಿಗೆ ತೊಂದರೆಯಿಲ್ಲ. ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶಕ್ಕಾದರೋ ಅದು ಅಂಕಿ, ಅಂಕಿಯಾಗಿಯೇ ಓದುತ್ತದೆ: ‘ಕನಾ ಒಂಬತ್ತು ಟಕ’. ಹುಡುಕುವವರು ಸರಿಯಾಗಿ ‘ಕರ್ನಾಟಕ’ ಎಂದು ಟೈಪಿಸಿದರೆ ಸಂಕೇತಗಳ ಮಟ್ಟದಲ್ಲಿ ಎರಡು ಪದಗಳೂ ಬೇರೆ ಬೇರೆ. ಹುಡುಕುಯಂತ್ರ ಕಾಗುಣಿತ ಊಹಿಸಿ ಹೊಂದಿಸಿಕೊಂಡರೆ ಅದು ಅದರ ಔದಾರ್ಯ.

ಓಕಾರದಲ್ಲಿ ಹೀಗಾಗುವುದಿಲ್ಲ ಎಂಬುದನ್ನು ಹೋಲಿಸಿ ನೋಡಬೇಕು. ‘ಕೋ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಅಥವಾ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಆದರೆ ಇವೆಲ್ಲ ಸಮಾನ ಎಂದು ಯೂನಿಕೋಡ್ ವಿಧಿಸಿದೆ. ಸಾಮಾನ್ಯೀಕರಣ ಎಂಬ ಕ್ರಿಯೆ ಎಲ್ಲವನ್ನೂ ಒಂದಕ್ಕೆ ತರುತ್ತದೆ. ಸೊನ್ನೆ ಮತ್ತು ಅನುಸ್ವಾರದ ನಡುವೆ ಅಂಥ ಸಮಾನತೆ ಇಲ್ಲ, ಇರಲೂಬಾರದು, ಏಕೆಂದರೆ ಸೊನ್ನೆ ನಿಜಕ್ಕೂ ಬೇರೆ ವಸ್ತು. ಆದ್ದರಿಂದ ಇದನ್ನು ಮನುಷ್ಯರೇ ತಿದ್ದಬೇಕು. ಪತ್ತೆ ಹಚ್ಚಲು ಒಂದು ಸರಳ ನಿಯಮ ಸಾಕಾಗುತ್ತದೆ: ಕನ್ನಡ ಅಂಕಿಗೆ ಸರಿಯಾಗಿ ಮೊದಲು, ಖಾಲಿ ಜಾಗವಿಲ್ಲದೆ, ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅನುಮಾನಿಸಬೇಕು. ಅಂಕಿಯ ನಂತರ ಅಕ್ಷರವಿದ್ದರೆ ಬಿಡಬಹುದು. ‘ಬೆಳಿಗ್ಗೆ ೯ಕ್ಕೆ ತೆರೆಯುತ್ತದೆ’ ಎಂಬುದು ಶುದ್ಧ ಕನ್ನಡ.

ಈ ದೋಷಗಳು ಸಾಮಾನ್ಯ ತಪಾಸಣೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರ ವರದಿಯಲ್ಲಿ ಶೇಕಡಾ 94.8 ಪುಟಗಳಲ್ಲಿ ದೋಷ ಸಿಕ್ಕಿತು; ಮಂಕು ಅಕ್ಷರ, ಪರ್ಯಾಯ ಪಠ್ಯವಿಲ್ಲದ ಚಿತ್ರ, ಹೆಸರಿಲ್ಲದ ಅರ್ಜಿ ಖಾನೆ, ಖಾಲಿ ಕೊಂಡಿ, ಖಾಲಿ ಗುಂಡಿ, ಭಾಷೆ ನಮೂದಿಸದ ಪುಟ ಇವೇ ಪದೇಪದೇ ಮರಳುವ ಆರು. ಉಪಯುಕ್ತ ಲೆಕ್ಕ, ಸಂಶಯವಿಲ್ಲ. ಆದರೆ ಯಂತ್ರ ನೋಡುವುದು ಪರ್ಯಾಯ ಪಠ್ಯ ಇದೆಯೇ ಎಂದು. ಅದರಲ್ಲಿ ಒಂಬತ್ತು ಅರ್ಕಾವತ್ತಾಗಿ ವೇಷ ಹಾಕಿದೆಯೇ ಎಂದಲ್ಲ. ನುಡಿ ಕಡತದಿಂದ ಅಂಟಿಸಿದ ಅರ್ಥಹೀನ ಇಂಗ್ಲಿಷ್ ಗೊಂಚಲಿಗೂ ಅದು ಪೂರ್ಣಾಂಕ ಕೊಡಬಲ್ಲದು. ಕನ್ನಡ ಪುಟವನ್ನು ಕನ್ನಡ ಧ್ವನಿಯಲ್ಲಿ ಓದಿಸಿ ಕೇಳುವುದಕ್ಕೆ ಬದಲಿ ಪರೀಕ್ಷೆ ನನಗೆ ಕಾಣುತ್ತಿಲ್ಲ.

ಕೇಳಿಸಿಕೊಳ್ಳಲು ಹೋದರೆ ಭಾಷೆಯ ನಮೂದು ಎದುರಾಗುತ್ತದೆ. ಪುಟದ ತಲೆಯಲ್ಲಿ ‘ಇದು ಕನ್ನಡ’ ಎಂದು ಎರಡು ಅಕ್ಷರದ ಸಂಕೇತ, ‘ಕೆಎನ್’, ಬರೆಯಬೇಕು. ವೆಬ್ ಒಕ್ಕೂಟದ ಎಟುಕುವಿಕೆಯ ಮಾರ್ಗಸೂಚಿಯಲ್ಲಿ ಇದು ಅತಿ ಕನಿಷ್ಠ ಮಟ್ಟದ ನಿಯಮ. ಸಿದ್ಧ ಅಚ್ಚಿನಿಂದ ಮಾಡಿದ ತಾಣಗಳಲ್ಲಿ ಬಹುಪಾಲು ಇಂಗ್ಲಿಷ್ ಎಂದೇ ನಮೂದಾಗಿರುತ್ತದೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿ ಎತ್ತಿಕೊಂಡು ಕನ್ನಡದೆದುರು ತಬ್ಬಿಬ್ಬಾಗುವ ಸಂಭವವಿದೆ. ಇಲ್ಲಿಯೇ ಎರಡು ಓದುಗರ ದಾರಿ ಕವಲೊಡೆಯುತ್ತದೆ. ಪುಟದ ಭಾಷೆ ತಿಳಿಯಲು ತಾನು ಕಾಣುವ ಪಠ್ಯವನ್ನೇ ನೋಡುತ್ತೇನೆ, ಈ ನಮೂದನ್ನಲ್ಲ ಎಂದು ಗೂಗಲ್ ತನ್ನ ದಾಖಲೆಗಳಲ್ಲಿ ಹೇಳಿದೆ. ಅಂದರೆ ಹುಡುಕಾಟದ ಲಾಭಕ್ಕಾಗಿ ಮಾತ್ರ ಕೆಲಸ ಮಾಡುವವನು ಇದನ್ನು ಬಿಟ್ಟುಬಿಡುತ್ತಾನೆ, ಕುರುಡರು ಮಾತ್ರ ಬೆಲೆ ತೆರುತ್ತಾರೆ. ‘ಎಲ್ಲರಿಗೂ ಎಟುಕುವಂತೆ ಮಾಡಿ, ಗೂಗಲ್‌ನಲ್ಲೂ ಮೇಲೇರುತ್ತೀರಿ’ ಎಂಬ ಮಾರಾಟದ ಮಾತನ್ನು ನಾನು ಅರ್ಧಕ್ಕಷ್ಟೇ ಒಪ್ಪುವುದು ಈ ಕಾರಣಕ್ಕೆ.

ಪರ್ಯಾಯ ಪಠ್ಯದಲ್ಲಿ ಕವಲು ಇನ್ನೂ ಒರಟು. ‘ಬಾಳೆ ಎಲೆಯ ಮೇಲೆ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು’ ಎಂದು ಬರೆದರೆ ಇಬ್ಬರಿಗೂ ಅನುಕೂಲ. ‘ಹುಬ್ಬಳ್ಳಿ ಖಾನಾವಳಿ ಹುಬ್ಬಳ್ಳಿ ಬೆಸ್ಟ್ ಖಾನಾವಳಿ ಹುಬ್ಬಳ್ಳಿ ಊಟ’ ಎಂದು ತುರುಕಿದರೆ ಕೇಳುವವರಿಗೆ ಶಿಕ್ಷೆ, ಹುಡುಕುಯಂತ್ರದ ನಿಯಮಕ್ಕೂ ವಿರುದ್ಧ.

ಬಣ್ಣದ ಮಾತು ಹುಡುಕಾಟಕ್ಕೆ ಸಂಬಂಧಿಸಿದ್ದಲ್ಲ, ಆದರೂ ನಮ್ಮಲ್ಲಿ ಹೇಳಲೇಬೇಕು. ನವೆಂಬರ್ ಬಂತೆಂದರೆ ಅಂಗಡಿ ತಾಣಗಳು ಹಳದಿ ಕೆಂಪು ಉಡುತ್ತವೆ. ಮಾರ್ಗಸೂಚಿಯ ಸೂತ್ರದಿಂದ ಲೆಕ್ಕ ಹಾಕಿದರೆ ಶುದ್ಧ ಹಳದಿಯ ಮೇಲೆ ಶುದ್ಧ ಕೆಂಪಿನ ಹೊಳಪಿನ ವ್ಯತ್ಯಾಸ 3.7ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಬೇಕಾದದ್ದು 4.5, ದೊಡ್ಡ ಶೀರ್ಷಿಕೆಗೆ 3 ಸಾಕು. ಅಂದರೆ ‘ರಾಜ್ಯೋತ್ಸವದ ಶುಭಾಶಯ’ ಪಾಸು, ಕೆಳಗಿನ ಸಣ್ಣ ಅಕ್ಷರದ ದರಪಟ್ಟಿ ನಪಾಸು. ಕೆಂಪಿನ ಪ್ರಮಾಣವನ್ನು 255ರಿಂದ 153ಕ್ಕೆ ಇಳಿಸಿ ಕುಂಕುಮದತ್ತ ತಂದರೆ ಅದೇ ಹಳದಿಯ ಮೇಲೆ ವ್ಯತ್ಯಾಸ 8.3ಕ್ಕೆ ಏರುತ್ತದೆ. ನಾಡಿನ ಬಣ್ಣಕ್ಕೆ ಕುಂದೇನೂ ಬಾರದು. ಸಾಲುಗಳ ನಡುವಿನ ಅಂತರವೂ ಹಾಗೆಯೇ: ಇಂಗ್ಲಿಷಿಗೆ ಅಳತೆ ಮಾಡಿದ ಅಚ್ಚಿನಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೆಟ್ಟುತ್ತವೆ, ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರ ಬೇಕು.

ಊರಿನ ಹೆಸರಿಗೆ ಬರೋಣ. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಅಧಿಕೃತ ಹೆಸರು ಬದಲಾಯಿತು. ಕನ್ನಡದಲ್ಲಿ ‘ಹುಬ್ಬಳ್ಳಿ’ ಮೊದಲೂ ಹುಬ್ಬಳ್ಳಿಯೇ. ಬದಲಾದದ್ದು ‘ಹುಬ್ಳಿ’ ಎಂಬ ಇಂಗ್ಲಿಷ್ ಕಾಗುಣಿತ. ವಿಜಯಪುರ, ಕಲಬುರಗಿಗಳ ವಿಚಾರ ಬೇರೆ, ಅಲ್ಲಿ ಬಿಜಾಪುರ, ಗುಲ್ಬರ್ಗಾ ಎಂದು ಕನ್ನಡದಲ್ಲೂ ಹುಡುಕುವವರಿದ್ದಾರೆ. ಖಾನಾವಳಿಯ ಪುಟದಲ್ಲಿ ಕನ್ನಡ ವಿಳಾಸದ ಕೆಳಗೆ ಇಂಗ್ಲಿಷ್ ಲಿಪಿಯ ಹಳೆಯ ಮತ್ತು ಹೊಸ ಎರಡೂ ಹೆಸರುಗಳನ್ನು ಸಹಜ ವಾಕ್ಯದಲ್ಲಿ ತರುವುದು ಲೇಸು. ಪುಟದ ಕೊಂಡಿಯನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಚಿಕ್ಕದಾಗಿ ಇಡಬೇಕೆಂಬುದು ನನ್ನ ಅಭಿಪ್ರಾಯ. ಕೊಂಡಿಯಲ್ಲಿ ಕನ್ನಡವಿದ್ದರೆ ಪ್ರತಿ ಸಂಕೇತವೂ ಮೂರು ಬೈಟ್, ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ‘ಹುಬ್ಬಳ್ಳಿ’ಯಲ್ಲಿರುವುದು ಒಂಬತ್ತು ಸಂಕೇತ, ಕೊಂಡಿಯನ್ನು ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಅದು 81 ಅಕ್ಷರಗಳ ಬಾಲವಾಗಿ ಹೊರಬರಬಹುದು. ಕನ್ನಡಾಭಿಮಾನಕ್ಕೆ ಪುಟದ ಒಳಗೆ ಬೇಕಾದಷ್ಟು ಜಾಗವಿದೆ.

ಹತ್ತಿರದ ಅಂಗಡಿಗಳನ್ನು ಸಾಲಾಗಿ ತೋರಿಸುವಾಗ ಪ್ರಸ್ತುತತೆ, ದೂರ, ಪ್ರಸಿದ್ಧಿ ಈ ಮೂರನ್ನು ನೋಡುವುದಾಗಿ ಗೂಗಲ್ ಹೇಳುತ್ತದೆ. ದೂರವನ್ನು ಯಾವ ಜಾಲತಾಣವೂ ಕಡಿಮೆ ಮಾಡಲಾರದು. ಪ್ರಸ್ತುತತೆಗೆ ಮಾತ್ರ ಪಠ್ಯ ನೆರವಾಗುತ್ತದೆ: ತಿಂಡಿಗಳ ಹೆಸರು, ಸಮಯ, ವಿಳಾಸ. ನಕ್ಷೆಯೊಂದನ್ನು ಅಂಟಿಸಿ ಸುಮ್ಮನಾಗದೆ, ಬಸ್ ನಿಲ್ದಾಣದ ಗೇಟಿನಿಂದ ಯಾವ ಕಡೆ ಹೊರಳಬೇಕು, ಮೆಟ್ಟಿಲು ಎಷ್ಟು ಎಂದು ಮಾತಿನಲ್ಲಿ ಬರೆದರೆ ನಕ್ಷೆ ಕಾಣದವರಿಗೂ ಗಾಲಿಕುರ್ಚಿಯವರಿಗೂ ಅದು ನಿಜವಾದ ಮಾಹಿತಿ. ಇದೇ ಸಂಗತಿಗಳನ್ನು ಯಂತ್ರಕ್ಕೆ ಅಚ್ಚುಕಟ್ಟಾಗಿ ಒಪ್ಪಿಸಲು ಸ್ಕೀಮಾ ಎಂಬ ಶಬ್ದಪಟ್ಟಿ ಇದೆ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಕೂಡಿ ಹೊರತಂದದ್ದು. ವಾರದ ರಜೆ ಅದರಲ್ಲಿ ಸಲೀಸಾಗಿ ಕೂರುತ್ತದೆ. ಅಮಾವಾಸ್ಯೆಗೆ ಬಾಗಿಲು ಹಾಕುವ ಅಂಗಡಿಗೆ ವಾರದ ಚೌಕಟ್ಟು ಒಗ್ಗದು. ವಿಶೇಷ ದಿನಗಳೆಂದು ಪಂಚಾಂಗ ನೋಡಿ ದಿನಾಂಕಗಳನ್ನೇ ತುಂಬಬೇಕು.

ಕಾನೂನಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳುವುದಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೆಯ ಕಲಮು ಸೇವೆ ಕೊಡುವವರು ಸರ್ಕಾರದವರಾಗಲಿ ಖಾಸಗಿಯಾಗಲಿ ಎಟುಕುವಿಕೆಯ ನಿಯಮಗಳನ್ನು ಪಾಲಿಸಬೇಕೆನ್ನುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಲ್ಲಿಯವರೆಗಿನ ನಿಯಮ ಬರೀ ಶಿಫಾರಸಿನ ಧಾಟಿಯಲ್ಲಿದೆ, ಕಾಯ್ದೆಗೆ ಅದು ಹೊಂದುವುದಿಲ್ಲ ಎಂದು ಹೇಳಿ ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ಡಿಜಿಟಲ್ ಸೇವೆಗಳ ಎಟುಕುವಿಕೆಯನ್ನು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನೊಳಗೆ ತಂದಿತು. ಅದು ಬ್ಯಾಂಕಿನ ಗುರುತು ಪರಿಶೀಲನೆಯಂಥ ದೊಡ್ಡ ವ್ಯವಸ್ಥೆಗಳ ಸಂದರ್ಭದಲ್ಲಿ ಬಂದ ಮಾತು. ಖಾನಾವಳಿಯ ಬಾಗಿಲಿಗೆ ನಾಳೆಯೇ ನೋಟಿಸು ಬರುತ್ತದೆಂದು ಹೆದರಿಸಿ ತಾಣ ಮಾರುವುದು ಸರಿಯಲ್ಲ.

ಕೆಲಸದ ಕ್ರಮದ ಬಗ್ಗೆ ಒಂದು ಮಾತು. ಮೂವತ್ತು ತಿಂಡಿಗಳ ದರಪಟ್ಟಿಯಾದರೆ ನುಡಿ ಕಡತವನ್ನು ಪರಿವರ್ತಿಸಿ ತಪ್ಪು ಹುಡುಕುವುದಕ್ಕಿಂತ ಫೋನಿನ ಕನ್ನಡ ಕೀಲಿಮಣೆಯಲ್ಲಿ ಹೊಸದಾಗಿ ಟೈಪಿಸುವುದೇ ಬೇಗ ಮುಗಿಯುತ್ತದೆ; ಅಲ್ಲಿ ಅನುಸ್ವಾರ, ಸೊನ್ನೆ ಬೇರೆ ಬೇರೆ ಕಡೆ ಇರುತ್ತವೆ. ದರ ಬದಲಾದಾಗ ಮತ್ತೆ ಡಿಟಿಪಿ ಅಂಗಡಿಗೆ ಓಡದೆ ಮಾಲೀಕರೇ ತಿದ್ದುವಂತಿರಬೇಕು. ಫೋನ್ ನಂಬರನ್ನು 0-9ರ ಅಂಕಿಗಳಲ್ಲಿ, ಒತ್ತಿದರೆ ಕರೆ ಹೋಗುವ ಕೊಂಡಿಯಾಗಿ ಇಡಬೇಕು, ಹಸಿರು ವಾಟ್ಸಾಪ್ ಗುರುತಿಗೆ ‘ವಾಟ್ಸಾಪ್‌ನಲ್ಲಿ ಕೇಳಿ’ ಎಂಬ ಹೆಸರು ಕೊಡಬೇಕು. ಹೆಸರಿಲ್ಲದ ಆ ಗುರುತನ್ನು ಸ್ಕ್ರೀನ್ ರೀಡರ್ ಬರೀ ‘ಲಿಂಕ್’ ಎಂದು ಓದಿ ಮುಂದೆ ಹೋಗುತ್ತದೆ, ಊಟಕ್ಕೆ ಹೇಳಬೇಕಾದವರು ಅಲ್ಲಿಗೇ ನಿಲ್ಲುತ್ತಾರೆ.