ಹಳೇ ಸ್ಕೂಟರ್ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಇಷ್ಟು ನೋಡಿ
ಅಂಗಡಿ ತೆಗೆಯೋ ಹೊತ್ತಿಗೇ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೈಕೊಡ್ತಾ? ಗ್ಯಾರೇಜಿಗೆ ತಳ್ಳುವ ಮುಂಚೆ ನೀವೇ ನೋಡಬಹುದು.

ಮೊದಲು ಪೆಟ್ರೋಲ್ ಇದೆಯಾ ನೋಡಿ. ಬ್ರೇಕ್ ಹಿಡಿದು ಸೆಲ್ಫ್ ಒತ್ತಿ. ಬರೀ ಟಕ್ ಟಕ್ ಸದ್ದು ಬಂದ್ರೆ ಬ್ಯಾಟರಿ ವೀಕ್ ಆಗಿರಬಹುದು. ಕಿಕ್ ಹೊಡೆದು ನೋಡಿ.

ಇಂಜಿನ್ ತಿರುಗಿದರೂ ಸ್ಟಾರ್ಟ್ ಆಗದಿದ್ದರೆ, ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಒರೆಸಿ ಹಾಕಿ, ಆಗಲಿಲ್ಲ ಅಂದ್ರೆ ಹೊಸ ಪ್ಲಗ್ ಹಾಕಿ ನೋಡಿ. ಒಣ ಮಸಿ ಕಟ್ಟಿದ್ದರೆ ಏರ್ ಫಿಲ್ಟರ್ ನೋಡಿ. ಪೂರ್ತಿ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಹಳೇ ಗಾಡಿಯಾದ್ರೆ ಕಾರ್ಬೊರೇಟರ್‌ನಲ್ಲಿ ಕಸ ಇರಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಸ್ಕೂಟರ್‌ಗಳಲ್ಲಿ ಬಹುತೇಕ ಫ್ಯುಯೆಲ್ ಇಂಜೆಕ್ಷನ್ ಇರುತ್ತೆ, ಅದನ್ನ ಮೆಕ್ಯಾನಿಕ್‌ಗೇ ಬಿಡಿ.

ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ. ನೋಡಿದ್ದನ್ನ ಮೆಕ್ಯಾನಿಕ್‌ಗೆ ಹೇಳಿ; ಬೇಡದ ಖರ್ಚು ತಪ್ಪುತ್ತೆ.