ಮೆಟ್ರಿಕ್ ನಪಾಸಾದ ಹುಡುಗ ಮತ್ತು ಶಾಲೆಯ ಯೋಗ



ಪರೀಕ್ಷೆ ಹತ್ತಿರ ಬಂತೆಂದರೆ ಮನೆಯಲ್ಲಿ ಟಿ.ವಿ. ಬಂದ್, ಮಕ್ಕಳಿಗೆ ನಿದ್ದೆಯೂ ಬಂದ್. ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ, ಓದಿದ್ದೆಲ್ಲ ಮರೆತಂತಾಗುತ್ತದೆ. ಶಾಲೆಯಲ್ಲಿ ಯೋಗ ಕಲಿಸಿದರೆ ಈ ಭಯ ತಗ್ಗೀತೇ? ಉತ್ತರ ಹುಡುಕಲು ಒಮ್ಮೆ ಹಳೆಯ ಮೈಸೂರಿಗೆ ಹೋಗಿಬರೋಣ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಸಿದರು. ಗುರುಗಳು ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು. ಮರುವರ್ಷವೇ ಅವರ 'ಯೋಗಮಕರಂದ' ಕನ್ನಡದಲ್ಲಿ ಅಚ್ಚಾಯಿತು. ಕಲಿಯಲು ಬರುತ್ತಿದ್ದವರಲ್ಲಿ ಅರಸು ಮನೆತನದ ಹುಡುಗರೇ ಹೆಚ್ಚು. ಆಗ ಮನಸ್ಸಿನ ಒತ್ತಡದ ಮಾತಿರಲಿಲ್ಲ. ಮೈಕಟ್ಟು, ಆರೋಗ್ಯ, ಶಿಸ್ತು ಮುಖ್ಯ. ಗಣ್ಯರು ಬಂದರೆ ಶಿಷ್ಯರಿಂದ ಆಸನಗಳ ಪ್ರದರ್ಶನವೂ ನಡೆಯುತ್ತಿತ್ತು.

1934ರಲ್ಲಿ ಗುರುಗಳ ಮನೆಗೆ ಅವರ ಹೆಂಡತಿಯ ತಮ್ಮ ಬಂದ. ಕೋಲಾರ ಜಿಲ್ಲೆಯ ಬೆಳ್ಳೂರಿನವನು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡು ಕಡ್ಡಿಯಂತಾಗಿದ್ದ ಮೈ. ಯೋಗದಿಂದ ಆರೋಗ್ಯವೇನೋ ಸುಧಾರಿಸಿತು, ಆದರೆ ಇಂಗ್ಲಿಷಿನಲ್ಲಿ ಅಂಕ ಸಾಲದೆ ಮೆಟ್ರಿಕ್ ನಪಾಸು! ಒಂದು ಪ್ರದರ್ಶನದಲ್ಲಿ ಗುರುಗಳ ಆಜ್ಞೆಗೆ ಅಂಜಿ, ಅಭ್ಯಾಸವಿಲ್ಲದ ಹನುಮಾನಾಸನ ಮಾಡಲು ಹೋಗಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರೇ ಬಿ.ಕೆ.ಎಸ್. ಅಯ್ಯಂಗಾರ್.

1937ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿ, ಅವರು ಯೋಗ ಕಲಿಸಲು ಪುಣೆಯ ಡೆಕ್ಕನ್ ಜಿಮಖಾನಾಕ್ಕೆ ಬಂದರು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೇ. ಎದುರಿಗೆ ತಮಗಿಂತ ಎತ್ತರದ, ತಮಗಿಂತ ಹೆಚ್ಚು ಓದಿದ ಕಾಲೇಜು ವಿದ್ಯಾರ್ಥಿಗಳು. ಊರು ಬಿಟ್ಟು ಬಂದ ನಮಗೆ ಆ ಅಳುಕು ಏನೆಂದು ಬೇರೆ ಹೇಳಬೇಕೇ? ಪುಣೆಯೇ ಅವರ ಊರಾಯಿತು. 2014ರಲ್ಲಿ ಅಲ್ಲೇ ತೀರಿಕೊಂಡರು. 1966ರಲ್ಲಿ ಬಂದ ಅವರ 'ಲೈಟ್ ಆನ್ ಯೋಗ'ದಲ್ಲಿ ಇನ್ನೂರು ಆಸನಗಳಿವೆ. ಕೊನೆಯದು ಯಾವುದು ಗೊತ್ತೇ? ಸುಮ್ಮನೆ ಮಲಗುವ ಶವಾಸನ. ನೋಡಲು ಸುಲಭ, ಸಾಧಿಸಲು ಕಷ್ಟ ಎಂದೇ ಅವರು ಬರೆದಿದ್ದಾರೆ.

ನಮ್ಮ ಮಕ್ಕಳಿಗೆ ಬೇಕಾದದ್ದು ಇದೇ. 2015ರಿಂದ ಜೂನ್ 21ರಂದು ಶಾಲೆಗಳಲ್ಲಿ ಸಾಲುಸಾಲಾಗಿ ಯೋಗ ನಡೆಯುತ್ತದೆ, ನೋಡಲು ಚೆಂದ. ಆದರೆ ಯೋಗಕ್ಕೂ ಅಂಕ, ಸ್ಪರ್ಧೆ, ಬಹುಮಾನ ಬಂದರೆ ಅದು ಇನ್ನೊಂದು ಪರೀಕ್ಷೆಯಾಗಿಬಿಡುತ್ತದೆ. ಬೆನ್ನು ಬಾಗದ ಮಗು ಅಲ್ಲೂ ನಪಾಸು! ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಬಿಟ್ಟರೆ ಎದೆಬಡಿತ ತಗ್ಗುತ್ತದೆ. ಇದಕ್ಕೆ ಮೈ ಬಾಗಬೇಕಿಲ್ಲ, ಯಾರೂ ನೋಡಬೇಕಿಲ್ಲ. ಹಾಗಂತ ಯೋಗವೊಂದೇ ಎಲ್ಲದಕ್ಕೂ ಮದ್ದಲ್ಲ. ಮಗು ದಿನಗಟ್ಟಲೆ ಊಟ, ನಿದ್ದೆ ಬಿಟ್ಟು ಕುಗ್ಗಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲೇಬೇಕು.

ಇವತ್ತು ರಾತ್ರಿ ಪುಸ್ತಕ ಮುಚ್ಚಿಸಿ, ಮಗುವಿನ ಪಕ್ಕದಲ್ಲಿ ನೀವೂ ಐದು ನಿಮಿಷ ಸುಮ್ಮನೆ ಮಲಗಿ ನೋಡಿ. ಎಷ್ಟು ಅಂಕ ಬರುತ್ತದೆ ಎಂದು ಮಾತ್ರ ಆ ಐದು ನಿಮಿಷ ಕೇಳಬೇಡಿ!