ಸರ್ಕಾರ ಗಿರಾಕಿಯಾದಾಗ: ಭಾರತದ ದೀಪೋದ್ಯಮದಲ್ಲಿ ಬೆಲೆಯ ಕುಸಿತ, ಮೌಲ್ಯದ ವಲಸೆ

ಕೇಂದ್ರದ ನಾಲ್ಕು ಸಾರ್ವಜನಿಕ ಉದ್ಯಮಗಳು ಸೇರಿ 2009ರಲ್ಲಿ ಕಟ್ಟಿದ ಎನರ್ಜಿ ಎಫಿಶಿಯೆನ್ಸಿ ಸರ್ವೀಸಸ್ ಲಿಮಿಟೆಡ್ (ಮುಂದೆ ಇಇಎಸ್‌ಎಲ್) 2014ರ ಆರಂಭದಲ್ಲಿ ಏಳು ವ್ಯಾಟಿನ ಒಂದು ಎಲ್‌ಇಡಿ ಬಲ್ಬನ್ನು ಟೆಂಡರಿನಲ್ಲಿ 310 ರೂಪಾಯಿಗೆ ಕೊಂಡಿತ್ತು. 2015ರ ನಡುವೆ ಆ ದರ 73ಕ್ಕೆ ಬಂತು. 2016ರಲ್ಲಿ ಒಂಬತ್ತು ವ್ಯಾಟಿನ ಬಲ್ಬು 38 ರೂಪಾಯಿಗೆ ಸಿಕ್ಕಿತು. ಗ್ರಾಹಕ ವಸ್ತುವೊಂದರ ಸಗಟು ದರ ಮೂರು ವರ್ಷದೊಳಗೆ ಎಂಟನೇ ಒಂದು ಭಾಗಕ್ಕೆ ಇಳಿದ ಈ ಉದಾಹರಣೆಯನ್ನು ಇಂಧನ ನೀತಿಯ ಕುರಿತ ಬರಹಗಳು ಬಹುತೇಕ ಯಶೋಗಾಥೆಯಾಗಿಯೇ ಓದಿವೆ. ಯಶಸ್ಸು ಸುಳ್ಳಲ್ಲ. ಆದರೆ ಅದನ್ನು ವಿದ್ಯುತ್ ಉಳಿತಾಯದ ಲೆಕ್ಕದಲ್ಲಿ ನೋಡಿದಷ್ಟು ಕೈಗಾರಿಕೆ ಮತ್ತು ವ್ಯಾಪಾರದ ಲೆಕ್ಕದಲ್ಲಿ ನೋಡಿಲ್ಲ. ಬೆಲೆ ಇಳಿಸಿದ ಟೆಂಡರ್ ಪದ್ಧತಿಯೇ ಭಾರತದ ದೀಪ ತಯಾರಿಕೆಯನ್ನು ಜೋಡಣೆಯ ಕೆಲಸಕ್ಕೆ ಸೀಮಿತಗೊಳಿಸುವುದರಲ್ಲಿ ಪಾಲು ಪಡೆಯಿತು, ಮುಂದೆ ಬಂದ ಸುಂಕಗಳೂ ಪ್ರೋತ್ಸಾಹಧನವೂ ಆ ನಷ್ಟವನ್ನು ತುಂಬಿಕೊಳ್ಳುವ ಯತ್ನಗಳು ಎಂಬುದು ಈ ಲೇಖನದ ವಾದ.

ದೀಪದ ವಿಷಯದಲ್ಲಿ ಸರ್ಕಾರಕ್ಕೆ ಹಿಂದೆ ಬೇರೆಯೇ ಪಾತ್ರವಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟಿನಲ್ಲಿ. ಮೂರು ದಶಕಗಳ ನಂತರ, 1936ರಲ್ಲಿ, ಅದೇ ಊರಿನ ಮಲ್ಲೇಶ್ವರದ ಅಂಚಿನಲ್ಲಿ ಮೈಸೂರು ಲ್ಯಾಂಪ್ ವರ್ಕ್ಸ್ ಶುರುವಾಯಿತು. ವಿದ್ಯುತ್ ಉತ್ಪಾದಿಸುವ ಸಂಸ್ಥಾನ ಅದನ್ನು ಉರಿಸುವ ಬಲ್ಬನ್ನೂ ತಾನೇ ಮಾಡಿಕೊಳ್ಳಬೇಕು ಎಂಬುದು ಆ ಕಾಲದ ಮೈಸೂರಿನ ಕೈಗಾರಿಕಾ ಚಿಂತನೆಗೆ ಸಹಜವಾಗಿ ಹೊಂದುವ ತರ್ಕ. ಗಾಜಿನ ಬುರುಡೆ, ಟಂಗ್‌ಸ್ಟನ್ ತಂತಿ, ಲೋಹದ ಕ್ಯಾಪು, ಒಳಗೆ ತುಂಬುವ ಅನಿಲ ಇಷ್ಟೇ ಬುರುಡೆ ಬಲ್ಬಿನ ಸಾಮಗ್ರಿ. ಬುರುಡೆ ಗಾತ್ರದಲ್ಲಿ ದೊಡ್ಡದು, ಒಳಗೆ ಟೊಳ್ಳು, ಸಾಗಿಸುವಾಗ ಒಡೆಯುವಂಥದ್ದು. ಹೀಗಾಗಿ ದೂರದಿಂದ ತರಿಸುವುದಕ್ಕಿಂತ ಹತ್ತಿರದಲ್ಲಿ ಮಾಡುವುದೇ ಲಾಭವಾಗಿತ್ತು. ದೇಶೀ ತಯಾರಿಕೆಗೆ ಸುಂಕದ ಗೋಡೆಯಷ್ಟೇ ಈ ಭೌತಿಕ ಗುಣವೂ ರಕ್ಷಣೆ ಕೊಟ್ಟಿತು. ರಾಜ್ಯ ಸರ್ಕಾರದ ಒಡೆತನಕ್ಕೆ ಬಂದಿದ್ದ ಮೈಸೂರು ಲ್ಯಾಂಪ್ಸ್ 2003ರಲ್ಲಿ ಬಾಗಿಲು ಹಾಕಿತು. ಆಗ ಎಲ್‌ಇಡಿ ಮನೆದೀಪವಾಗಿ ಭಾರತಕ್ಕೆ ಬಂದೇ ಇರಲಿಲ್ಲ. ಆದ್ದರಿಂದ ಆ ಕಾರ್ಖಾನೆಯ ಸಾವನ್ನು ಹೊಸ ತಂತ್ರಜ್ಞಾನದ ತಲೆಗೆ ಕಟ್ಟುವುದು ಕಾಲಕ್ರಮಕ್ಕೆ ಹೊಂದುವುದಿಲ್ಲ. ಹಳೆಯ ಯಂತ್ರಗಳು, ಖಾಸಗಿ ಬ್ರ್ಯಾಂಡುಗಳ ಪೈಪೋಟಿ, ಬಂಡವಾಳದ ಬರ ಇವೇ ಹೆಚ್ಚು ನಂಬಬಹುದಾದ ಕಾರಣಗಳು.

ತಯಾರಕನ ಪಾತ್ರದಿಂದ ಸರಿದ ಸರ್ಕಾರ ಗಿರಾಕಿಯಾಗಿ ಮರಳಿದ್ದು ಒಂದೇ ಹೆಜ್ಜೆಯಲ್ಲಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿ 2002ರಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಹುಟ್ಟಿತು. ಅದು 2009ರಲ್ಲಿ ತಂದ ಬಚತ್ ಲ್ಯಾಂಪ್ ಯೋಜನೆಯಲ್ಲಿ ಸಿಎಫ್‌ಎಲ್ ಬಲ್ಬನ್ನು ಬುರುಡೆ ಬಲ್ಬಿನ ಬೆಲೆಗೇ, ಅಂದರೆ ಸುಮಾರು 15 ರೂಪಾಯಿಗೆ, ಮನೆಗಳಿಗೆ ಕೊಡುವ ಏರ್ಪಾಡಿತ್ತು. ಮಿಕ್ಕ ಹಣ ಕ್ಯೋಟೋ ಒಪ್ಪಂದದ ಕಾರ್ಬನ್ ಕ್ರೆಡಿಟ್ ಮಾರಾಟದಿಂದ ಬರಬೇಕಿತ್ತು. 2011–12ರ ಹೊತ್ತಿಗೆ ಆ ಕ್ರೆಡಿಟ್ಟಿನ ಬೆಲೆ ನೆಲ ಕಚ್ಚಿತು, ಯೋಜನೆಯೂ ಸೊರಗಿತು. ಅದೇ ಸುಮಾರಿಗೆ ಚೀನಾ ವಿರಳ ಭಸ್ಮ ಲೋಹಗಳ ರಫ್ತನ್ನು ಬಿಗಿಗೊಳಿಸಿತ್ತು. ಸಿಎಫ್‌ಎಲ್ ಗಾಜಿನ ಒಳಬದಿಗೆ ಬಳಿಯುವ ಫಾಸ್ಫರ್ ಪುಡಿಗೆ ಬೇಕಾದ ಯೂರೋಪಿಯಂ, ಟರ್ಬಿಯಂ ಇವೇ ಗುಂಪಿನವು. ಮನೆಯ ದೀಪದ ಬೆಲೆ ದೂರದ ಗಣಿಯನ್ನೂ ಅಂತರರಾಷ್ಟ್ರೀಯ ಪೇಟೆಯನ್ನೂ ಅವಲಂಬಿಸಿದೆ ಎಂಬ ಪಾಠ ಆಗಲೇ ಸಿಕ್ಕಿತ್ತು. ಅದನ್ನು ಯಾರೂ ಹೆಚ್ಚು ಮನಸ್ಸಿಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

2015ರ ಜನವರಿ 5ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾಗಿ ಮುಂದೆ ‘ಉಜಾಲಾ’ ಎಂದು ಹೆಸರಾದ ಎಲ್‌ಇಡಿ ಬಲ್ಬು ಹಂಚಿಕೆಯ ಕಾರ್ಯಕ್ರಮ ಸಬ್ಸಿಡಿಯನ್ನೂ ಕಾರ್ಬನ್ ಹಣವನ್ನೂ ಬದಿಗಿಟ್ಟಿತು. ಇಇಎಸ್‌ಎಲ್ ಕೋಟಿಗಟ್ಟಲೆ ಬಲ್ಬಿನ ಬೇಡಿಕೆಯನ್ನು ಒಟ್ಟುಗೂಡಿಸಿ ಪದೇ ಪದೇ ಟೆಂಡರ್ ಕರೆಯಿತು. ಅತಿ ಕಡಿಮೆ ದರ ಕೂಗಿದವನಿಗೆ ಒಂದು ಪಾಲು, ಆ ದರಕ್ಕೆ ಒಪ್ಪಿದ ಉಳಿದವರಿಗೆ ಮಿಕ್ಕ ಪಾಲು. ಗ್ರಾಹಕ ಹತ್ತು ರೂಪಾಯಿ ಕೊಟ್ಟು ಬಲ್ಬು ಒಯ್ದು, ಉಳಿದದ್ದನ್ನು ಕರೆಂಟ್ ಬಿಲ್ಲಿನ ಜೊತೆ ಕಂತಿನಲ್ಲಿ ತೀರಿಸಬಹುದಿತ್ತು. ಕರ್ನಾಟಕದಲ್ಲಿ ಇದೇ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಎಸ್ಕಾಂಗಳ ಮೂಲಕ 2015ರ ಕೊನೆಗೆ ಬಂತು. ಈ ವಿನ್ಯಾಸದ ಜಾಣ್ಮೆಯನ್ನು ಒಪ್ಪಲೇಬೇಕು: ತಯಾರಕರಿಗೆ ಬೇಡಿಕೆಯ ಭರವಸೆ ಸಿಕ್ಕಿತು, ಬಡ ಗ್ರಾಹಕನಿಗೆ ಒಮ್ಮೆಗೇ ಪೂರ್ತಿ ಬೆಲೆ ತೆರುವ ಭಾರ ತಪ್ಪಿತು, ಬೊಕ್ಕಸದಿಂದ ನೇರ ಸಬ್ಸಿಡಿ ಹೋಗಲಿಲ್ಲ.

ಆದರೆ 310ರಿಂದ 38ಕ್ಕೆ ಇಳಿದ ಪೂರಾ ಯಶಸ್ಸನ್ನು ಟೆಂಡರಿಗೇ ಕೊಡುವುದು ಸರಿಯಲ್ಲ. ಎಲ್‌ಇಡಿಯ ಪ್ರತಿ ಲ್ಯೂಮೆನ್ ಬೆಳಕಿನ ವೆಚ್ಚ ದಶಕಕ್ಕೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ಹೈಟ್ಸ್ ನಿಯಮ ಅದಕ್ಕೂ ಬಹಳ ಹಿಂದಿನದು. ಅದಕ್ಕಿಂತ ಮುಖ್ಯವಾದದ್ದು ಚೀನಾದಲ್ಲಿ ನಡೆಯಿತು. 2009ರಿಂದಾಚೆಗೆ ಅಲ್ಲಿನ ಸ್ಥಳೀಯ ಸರ್ಕಾರಗಳು ಎಲ್‌ಇಡಿಯ ಸ್ಫಟಿಕ ಪದರ ಬೆಳೆಸುವ ಎಂಒಸಿವಿಡಿ ಯಂತ್ರಗಳ ಖರೀದಿಗೆ ಭಾರಿ ಸಬ್ಸಿಡಿ ಕೊಟ್ಟವು. ಯಂತ್ರಗಳು ಬೇಡಿಕೆಯನ್ನು ಮೀರಿ ಬಂದವು. ಎಲ್‌ಇಡಿ ಚಿಪ್ಪಿನ ದರ ಕುಸಿಯಿತು. ಇಇಎಸ್‌ಎಲ್ ಮಾರುಕಟ್ಟೆಗೆ ಇಳಿದ ಸಮಯ ಸರಿಯಾಗಿ ಇದಾದ ಮೇಲಿನದು. ಭಾರತ ಸಬ್ಸಿಡಿ ಕೊಡಲಿಲ್ಲ ಎಂಬುದು ನಿಜ. ಸಬ್ಸಿಡಿಯೇ ಇರಲಿಲ್ಲ ಎಂಬುದು ನಿಜವಲ್ಲ, ಅದರ ಒಂದು ಭಾಗವನ್ನು ಚೀನಾದ ನಗರಗಳು ಭರಿಸಿದ್ದವು. ಟೆಂಡರ್ ಮಾಡಿದ ಕೆಲಸ, ಆ ಜಾಗತಿಕ ಇಳಿಕೆ ಮಧ್ಯವರ್ತಿಗಳ ಲಾಭದಲ್ಲಿ ಕರಗದೆ ಬೇಗ ಮನೆಗಳನ್ನು ತಲುಪುವಂತೆ ನೋಡಿಕೊಂಡದ್ದು. ಅದು ಸಣ್ಣ ಕೆಲಸವೇನೂ ಅಲ್ಲ.

ಉಳಿತಾಯದ ಅಧಿಕೃತ ಅಂಕಿಗಳನ್ನೂ ಒಮ್ಮೆ ಬಿಡಿಸಿ ನೋಡಬೇಕು. ಸುಮಾರು 36.8 ಕೋಟಿ ಬಲ್ಬು ಹಂಚಿಕೆಯಾಗಿ ವರ್ಷಕ್ಕೆ ಸುಮಾರು 4,780 ಕೋಟಿ ಯೂನಿಟ್ ಉಳಿಯುತ್ತಿದೆ ಎಂಬುದು ಸರ್ಕಾರದ ಅಂದಾಜು. ಭಾಗಿಸಿದರೆ ಬಲ್ಬೊಂದಕ್ಕೆ ವರ್ಷಕ್ಕೆ 130 ಯೂನಿಟ್. ಅರವತ್ತು ವ್ಯಾಟಿನ ಬುರುಡೆ ಬಲ್ಬಿನ ಜಾಗಕ್ಕೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಂದರೆ ಗಂಟೆಗೆ ಉಳಿಯುವುದು 51 ವ್ಯಾಟ್-ಗಂಟೆ. ಆ ದರದಲ್ಲಿ 130 ಯೂನಿಟ್ ಉಳಿಯಬೇಕಾದರೆ ಹಂಚಿದ ಒಂದೊಂದು ಬಲ್ಬೂ ದಿನಕ್ಕೆ ಏಳು ಗಂಟೆ, ವರ್ಷಪೂರ್ತಿ, ಉರಿಯಬೇಕು. ಬಚ್ಚಲಿನದೂ ಕೊಟ್ಟಿಗೆಯದೂ ಸೇರಿ. ಹಾಗೆ ಉರಿಯದೆ ಮೂರೂವರೆ ಗಂಟೆ ಉರಿದರೆ ಉಳಿತಾಯ ಅರ್ಧಕ್ಕೆ ಬರುತ್ತದೆ. ಎಲ್‌ಇಡಿ ಬಂದದ್ದು ಹದಿನಾಲ್ಕು ವ್ಯಾಟಿನ ಸಿಎಫ್‌ಎಲ್ ಜಾಗಕ್ಕಾದರೆ ಹತ್ತನೇ ಒಂದಕ್ಕೆ. ಬೆಸ್ಕಾಂ 2004ರ ಹೊತ್ತಿಗೇ ಸಿಎಫ್‌ಎಲ್ ಪ್ರಚಾರ ಮಾಡಿದ್ದ ಬೆಂಗಳೂರಿನಂಥ ಕಡೆ ಈ ಎರಡನೆಯ ಬಗೆ ಅಪರೂಪವಿರಲಾರದು. ಹಂಚಿಕೆಯ ಬಹುಪಾಲು 2020ಕ್ಕೆ ಮುಂಚೆಯೇ ಮುಗಿದದ್ದರಿಂದ, ಕೆಟ್ಟು ಕಸಕ್ಕೆ ಹೋದ ಬಲ್ಬುಗಳನ್ನೂ ಕಳೆಯಬೇಕು. ಉಳಿತಾಯ ಆಗಿಲ್ಲವೆಂದು ಇದರ ಅರ್ಥವಲ್ಲ. ಈ ಅಂಕಿ ಒಂದು ಮೇಲ್ಮಿತಿ, ಅಳತೆಯಲ್ಲ.

ಬೇಡಿಕೆಯ ಬದಿಯಲ್ಲಿ ಕರ್ನಾಟಕದ ಅನುಭವ ಇನ್ನೊಂದು ಸಂಗತಿಯನ್ನು ಮುಂದಿಡುತ್ತದೆ. ಭಾಗ್ಯಜ್ಯೋತಿ ಯೋಜನೆಯ ಬಡ ಮನೆಗೆ ಸಿಗುತ್ತಿದ್ದದ್ದು ನಲವತ್ತು ವ್ಯಾಟಿನ ಒಂದು ದೀಪ; ಅಷ್ಟೇ ವಿದ್ಯುತ್ತಿನಲ್ಲಿ ಇಂದು ನಾಲ್ಕು ಎಲ್‌ಇಡಿ ಬಲ್ಬು ಉರಿಸಬಹುದು. ಅಂಥ ಮನೆಯಲ್ಲಿ ದಕ್ಷತೆಯ ಫಲ ಹೆಚ್ಚು ಬೆಳಕಾಗಿ ಬರುತ್ತದೆ, ಕಡಿಮೆ ಬಿಲ್ಲಾಗಿ ಅಲ್ಲ. ಅದು ಒಳ್ಳೆಯದೇ, ಆದರೆ ಉಳಿತಾಯದ ಖಾತೆಗೆ ಸೇರುವುದಿಲ್ಲ. 2023ರ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಿಲ್ಲನ್ನು ಮನ್ನಾ ಮಾಡಿದ ಮೇಲೆ, ದುಬಾರಿಯಾದರೂ ದಕ್ಷವಾದ ದೀಪ ಕೊಳ್ಳುವ ಕಾರಣ ಮಿತಿಯೊಳಗಿನ ಮನೆಗಳಿಗೆ ಬಹುಮಟ್ಟಿಗೆ ಇಲ್ಲವಾಯಿತು. ತನ್ನ ಹಿಂದಿನ ಬಳಕೆಯ ಸರಾಸರಿಯ ಮೇಲೆ ಶೇ. 10ರ ಗಡಿಗೆ ಬಂದು ನಿಂತ ಮನೆಗೆ ಮಾತ್ರ ಒಂದೊಂದು ವ್ಯಾಟೂ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿನಲ್ಲೇ 1995ರಲ್ಲಿ ಶುರುವಾದ ಸೆಲ್ಕೋ ಹಿಡಿದ ದಾರಿ ಬೇರೆ. ಹರೀಶ್ ಹಂದೆಯವರ ಈ ಸಂಸ್ಥೆ ಕರಾವಳಿಯ, ಮಲೆನಾಡಿನ ಮನೆಗಳಿಗೆ ಸೌರದೀಪಗಳನ್ನು ಅಗ್ಗವೆಂಬ ಕಾರಣಕ್ಕೆ ಮಾರಲಿಲ್ಲ. ಬ್ಯಾಂಕ್ ಸಾಲ ಕೊಡಿಸಿತು, ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಜನರನ್ನು ಇಟ್ಟಿತು. ದೀಪವೆಂದರೆ ಅಲ್ಲಿ ಒಂದು ಸೇವೆ. ಪ್ರಮಾಣದಲ್ಲಿ ಉಜಾಲಾದ ಮುಂದೆ ಅದು ಚಿಕ್ಕದು. ಆದರೂ ಗುಣಮಟ್ಟಕ್ಕೆ ಹೊಣೆಗಾರರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು.

ಪೇಟೆಯಲ್ಲಿ ಆ ಉತ್ತರ ಮಸುಕಾಯಿತು. ಸರ್ಕಾರಿ ಬಲ್ಬು 70 ರೂಪಾಯಿಗೆ ಜನರ ಕೈಗೆ ಬಂದ ಮೇಲೆ ಅದೇ ಗ್ರಾಹಕನ ಮನಸ್ಸಿನಲ್ಲಿ ನ್ಯಾಯದ ಬೆಲೆಯಾಗಿ ನಿಂತಿತು. ದೆಹಲಿಯ ಭಾಗೀರಥ ಪ್ಯಾಲೇಸ್, ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಂಥ ಸಗಟು ಪೇಟೆಗಳಲ್ಲಿ ‘ಕಂಪನಿ ಮಾಲು’, ‘ಲೋಕಲ್ ಮಾಲು’ ಎಂಬ ಎರಡು ಜಾತಿಗಳು ಗಟ್ಟಿಯಾದವು. ಬಿಡಿಭಾಗ ತರಿಸಿ ಸ್ಕ್ರೂ ಹಾಕಿ ಡಬ್ಬಿಗೆ ತುಂಬಲು ಕಾರ್ಖಾನೆ ಬೇಕಿಲ್ಲ, ಒಂದು ಶೆಡ್ ಸಾಕು. ವೆಚ್ಚ ಕಡಿತದ ಮೊದಲ ಕತ್ತರಿ ಬಿದ್ದದ್ದು ಡ್ರೈವರಿಗೆ. 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಎಲ್‌ಇಡಿಗೆ ಬೇಕಾದ ಸ್ಥಿರ ನೇರ ವಿದ್ಯುತ್ತಾಗಿ ಬದಲಿಸುವ ಈ ಸರ್ಕೀಟಿನ ಕೆಪಾಸಿಟರ್ ಅಗ್ಗದ್ದಾದರೆ ಬಲ್ಬು ಬೇಗ ಹೋಗುತ್ತದೆ. ವ್ಯಾಪಾರಿಗಳು ‘ಡಿಒಬಿ’ ಎನ್ನುವ ಬಗೆಯಲ್ಲಂತೂ ಪ್ರತ್ಯೇಕ ಡ್ರೈವರೇ ಇಲ್ಲ, ಎಲ್‌ಇಡಿ ಕೂರುವ ಫಲಕದ ಮೇಲೆಯೇ ಒಂದು ಐಸಿ. ವೋಲ್ಟೇಜ್ ಏರಿಳಿತ ಹೆಚ್ಚಿರುವ ಹಳ್ಳಿಯ ಲೈನಿನಲ್ಲಿ ಅಂಥವು ಬೇಗ ಸಾಯುವುದರಲ್ಲಿ ಆಶ್ಚರ್ಯವಿಲ್ಲ. 25,000 ಗಂಟೆ ಎಂದು ಡಬ್ಬಿಯ ಮೇಲೆ ಬರೆಯುವುದು ಬಹುಮಟ್ಟಿಗೆ ಚಿಪ್ಪಿನ ಆಯುಷ್ಯ. ಬಲ್ಬಿನ ಆಯುಷ್ಯವನ್ನು ತೀರ್ಮಾನಿಸುವುದು ಡ್ರೈವರ್.

2017ರಲ್ಲಿ ದೀಪ ತಯಾರಕರ ಸಂಘವಾದ ಎಲ್ಕೋಮಾ ನೀಲ್ಸನ್ ಸಂಸ್ಥೆಯಿಂದ ನಾಲ್ಕು ನಗರಗಳ 200 ಅಂಗಡಿಗಳಲ್ಲಿ ಸಮೀಕ್ಷೆ ಮಾಡಿಸಿತು. ಎಲ್‌ಇಡಿ ಬಲ್ಬಿನ ಬ್ರ್ಯಾಂಡುಗಳಲ್ಲಿ ಶೇ. 76ರಷ್ಟು ಸುರಕ್ಷತಾ ನಿಯಮಗಳನ್ನು ಪಾಲಿಸಿರಲಿಲ್ಲ ಎಂದಿತು ಅದರ ವರದಿ. ಸಮೀಕ್ಷೆ ಮಾಡಿಸಿದವರು ‘ಲೋಕಲ್ ಮಾಲಿ’ನ ನೇರ ಪ್ರತಿಸ್ಪರ್ಧಿಗಳು ಎಂಬುದನ್ನು ಓದುವಾಗ ನೆನಪಿಡಬೇಕು; ಬ್ರ್ಯಾಂಡುಗಳ ಎಣಿಕೆ ಬೇರೆ, ಮಾರಾಟದ ಪಾಲು ಬೇರೆ ಎಂಬುದನ್ನೂ. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಎಲ್‌ಇಡಿ ದೀಪಗಳನ್ನು ತಂದ ಆದೇಶ 2014ರ ನವೆಂಬರಿನದು, ಸ್ಟಾರ್ ಲೇಬಲ್ ಕಡ್ಡಾಯವಾದದ್ದು 2018ರ ಜನವರಿಯಿಂದ. ಹಾಗಾಗಿ ಸಮೀಕ್ಷೆಯ ಹೊತ್ತಿಗೆ ನಿಯಮ ಇರಲಿಲ್ಲವೆನ್ನುವಂತಿಲ್ಲ. ನೋಂದಣಿ ಪದ್ಧತಿ ನಿಂತಿರುವುದು ತಯಾರಕ ತಾನೇ ಕಳಿಸಿದ ಮಾದರಿಯ ಪರೀಕ್ಷೆಯ ಮೇಲೆ. ಅಂಗಡಿಯಿಂದ ಎತ್ತಿದ ಮಾದರಿಯ ತಪಾಸಣೆ ಗಟ್ಟಿಯಾಗದೆ ಶೆಡ್ಡಿನ ಮಾಲಿಗೆ ಕಡಿವಾಣವಿಲ್ಲ.

ದೊಡ್ಡ ಬ್ರ್ಯಾಂಡುಗಳೂ ಇದೇ ಬೆಲೆಯ ಒತ್ತಡದಲ್ಲಿ ತಮ್ಮ ರೂಪ ಬದಲಿಸಿಕೊಂಡವು. ಡಿಕ್ಸನ್ ಟೆಕ್ನಾಲಜೀಸ್‌ನಂಥ ಗುತ್ತಿಗೆ ತಯಾರಕರು ಪೈಪೋಟಿಯ ಹಲವು ಹೆಸರುಗಳಿಗೆ ಬಲ್ಬು ಮಾಡಿಕೊಡುತ್ತಾರೆ. ಬ್ರ್ಯಾಂಡಿನ ಕೈಯಲ್ಲಿ ಉಳಿದದ್ದು ವಿತರಣೆ, ಜಾಹೀರಾತು ಮತ್ತು ವಾರಂಟಿ. ಚಿಪ್ಪಿನ ವಿಷಯಕ್ಕೆ ಬಂದರೆ, ವಾಣಿಜ್ಯ ಪ್ರಮಾಣದಲ್ಲಿ ಎಲ್‌ಇಡಿಯ ಸ್ಫಟಿಕ ಪದರ ಬೆಳೆಸುವ ಕಾರ್ಖಾನೆ ಭಾರತದಲ್ಲಿ ನೆಲೆಯೂರಲಿಲ್ಲ. ಬುರುಡೆಯ ಕಾಲಕ್ಕೆ ಇದು ತಿರುವುಮುರುವು: ಕೋಟಿ ಬಲ್ಬಿಗೆ ಬೇಕಾದ ಚಿಪ್ಪು ಕೆಲವೇ ಪೆಟ್ಟಿಗೆಗಳಲ್ಲಿ ವಿಮಾನದಲ್ಲಿ ಬರಬಲ್ಲದು, ಆದ್ದರಿಂದ ದೂರವೆಂಬುದು ದೇಶೀ ತಯಾರಕನಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಇಲ್ಲಿ ಮಾಡಲು ಲಾಭವಾಗುವುದು ಪ್ಲಾಸ್ಟಿಕ್ ಕವಚ, ಕ್ಯಾಪು, ರಟ್ಟಿನ ಡಬ್ಬಿ.

ಸುಂಕನೀತಿ ಈ ಅಂತರವನ್ನು ಮುಚ್ಚಲು ಎರಡು ಹಂತದಲ್ಲಿ ಯತ್ನಿಸಿತು. 2018ರ ಬಜೆಟ್ಟು ಆಮದು ದೀಪ ಮತ್ತು ದೀಪಸಾಧನಗಳ ಸುಂಕವನ್ನು ಶೇ. 10ರಿಂದ 20ಕ್ಕೆ ಏರಿಸಿತು. ಸಿದ್ಧ ವಸ್ತುವಿನ ಮೇಲೆ ಮಾತ್ರ ಸುಂಕ ಏರಿದರೆ ಬಿಡಿಭಾಗ ತಂದು ಜೋಡಿಸುವುದಕ್ಕೇ ಲಾಭ ಹೆಚ್ಚು, ಹಾಗೆಯೇ ಆಯಿತು. 2021ರಲ್ಲಿ ಬಿಡಿಭಾಗಗಳ ಸುಂಕವೂ ಶೇ. 5ರಿಂದ 10ಕ್ಕೆ ಹೋಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹವಾನಿಯಂತ್ರಕ ಮತ್ತು ಎಲ್‌ಇಡಿ ಎರಡಕ್ಕೂ ಸೇರಿ 6,238 ಕೋಟಿ ರೂಪಾಯಿಯ ಉತ್ಪಾದನಾ ಆಧಾರಿತ ಪ್ರೋತ್ಸಾಹಧನ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಬರೀ ಜೋಡಣೆಗೆ ಹಣವಿಲ್ಲ, ಚಿಪ್ ಪ್ಯಾಕೇಜಿಂಗ್, ಡ್ರೈವರ್, ಶಾಖ ಹೊರಹಾಕುವ ಭಾಗ, ಲೋಹದ ಸರ್ಕೀಟ್ ಫಲಕ ಇಂಥವಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಬರೆದದ್ದೇ ಇದರ ವಿಶೇಷ. ದೇಶೀ ಮೌಲ್ಯವರ್ಧನೆ ಶೇ. 75–80ಕ್ಕೆ ಏರಬೇಕೆಂಬುದು ಗುರಿ. ಇಷ್ಟರ ನಡುವೆ 2022ರ ಜುಲೈಯಲ್ಲಿ ಎಲ್‌ಇಡಿ ದೀಪಗಳ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿತು. ಒಂದು ಇಲಾಖೆ ತಯಾರಕನಿಗೆ ಶೇ. 4ರಿಂದ 6 ಕೊಡುವಾಗ ಇನ್ನೊಂದು ಗ್ರಾಹಕನಿಂದ ಶೇ. 6 ಹೆಚ್ಚುವರಿ ಕೇಳಿತು. ಬಿಲ್ಲಿಲ್ಲದ ಮಾಲಿಗೆ ಆದ ಅನುಕೂಲವನ್ನು ಊಹಿಸಬಹುದು.

ಆ ಶೇ. 75–80ನ್ನು ಅಳೆಯುವುದೂ ಸುಲಭವಲ್ಲ. ವ್ಯಾಪಾರ ಅಂಕಿಅಂಶಗಳಲ್ಲಿ ಎಲ್‌ಇಡಿ ದೀಪಕ್ಕೆಂದೇ ಅಂತರರಾಷ್ಟ್ರೀಯ ಸರಕು ಸಂಕೇತದ 8539ನೇ ಶೀರ್ಷಿಕೆಯ ಕೆಳಗೆ ಉಪಶೀರ್ಷಿಕೆ ಬಂದದ್ದು 2017ರ ಪರಿಷ್ಕರಣೆಯಲ್ಲಿ. 2022ರಲ್ಲಿ ಅದನ್ನೂ ಮಾಡ್ಯೂಲ್, ಬಲ್ಬು ಎಂದು ಒಡೆದರು. ಹೀಗಾಗಿ 2014ರಿಂದ ಇಂದಿನವರೆಗೆ ಒಂದೇ ಗೆರೆಯಲ್ಲಿ ಎಲ್‌ಇಡಿ ಬಲ್ಬಿನ ಆಮದನ್ನು ಓದಲು ಹೋದವರಿಗೆ ಏರಿಳಿತದ ಬದಲು ವರ್ಗೀಕರಣದ ಬದಲಾವಣೆ ಕಾಣಿಸುವ ಅಪಾಯವಿದೆ. ಗೂಡುದೀಪ, ಗೋಡೆದೀಪ, ದೀಪಾವಳಿಯ ಸೀರಿಯಲ್ ಸೆಟ್ ಇರುವುದು 9405ರಲ್ಲಿ. ಚಿಪ್ಪು ಬರುವುದು ಸೌರಕೋಶಗಳೂ ಇರುವ 8541ರ ಅಡಿ, ಟಿವಿ ಪರದೆಗೂ ಜಾಹೀರಾತು ಫಲಕಕ್ಕೂ ಹೋಗುವ ಎಲ್‌ಇಡಿಗಳ ಜೊತೆ ಬೆರೆತು. ಡ್ರೈವರುಗಳು ಮೊಬೈಲ್ ಚಾರ್ಜರ್ ಮತ್ತು ಇನ್ವರ್ಟರುಗಳ ಸಂಗಡ 8504ರಲ್ಲಿ. ಸಿದ್ಧ ದೀಪದ ಆಮದು ಇಳಿದದ್ದನ್ನು ಮೊದಲ ಎರಡು ಶೀರ್ಷಿಕೆಗಳಲ್ಲಿ ಕಂಡು ಸ್ವಾವಲಂಬನೆ ಬಂತೆಂದು ಬರೆಯುವ ವರದಿಗಳು ಉಳಿದೆರಡನ್ನು ತೆರೆದಿರುವುದಿಲ್ಲ. ಪ್ರೋತ್ಸಾಹಧನ ಯೋಜನೆ 2028–29ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ 8504 ಮತ್ತು 8541ರ ಕೆಳಗೆ ದೀಪಕ್ಕೆ ಬಳಕೆಯಾಗುವ ಭಾಗಗಳಿಗೆ ಎಂಟು ಅಂಕಿಯ ಪ್ರತ್ಯೇಕ ಸಾಲುಗಳನ್ನು ತೆರೆಯಲು ಕೇಂದ್ರಕ್ಕೆ ಬೇರೆ ದೇಶದ ಒಪ್ಪಿಗೆ ಬೇಕಿಲ್ಲ. ಆರು ಅಂಕಿಯ ಆಚೆಗಿನ ವಿಂಗಡಣೆ ಆಯಾ ದೇಶದ ಅಧಿಕಾರಕ್ಕೇ ಬಿಟ್ಟದ್ದು.